ಭಾಗೀರಥಿ, ಶಿಲುಬೆ ಮತ್ತು ನಮ್ಮ ಚಿಕ್ಕಮ್ಮ

ನಾನು ಹೈಸ್ಕೂಲಲ್ಲಿದ್ದಾಗ ಒಂದು ತಪಸ್ಸುಕಾಲದಲ್ಲಿ, ಅಂದ್ರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ, ನಮ್ಮ ಕನ್ನಡ ಟೀಚರ್ ಕ್ಲಾಸಲ್ಲಿ 'ಕೆರೆಗೆ ಹಾರ' ಅನ್ನೋ ಜನಪದ ಕಥನಗೀತೆ ಹಾಡಿ ಹೇಳ್ಕೊಟ್ರು. ಕಲ್ಲನಕೇರಿ ಮಲ್ಲನಗೌಡ ಕೆರೆ ಕಟ್ಟಿಸ್ತಾನೆ, ಒಂದ್ ಹನಿ ನೀರು ಬರಲ್ಲ, ಹೊತ್ತಿಗೆ ತೆಗೆಸಿ ನೋಡಿದ್ರೆ ಸೊಸೆನ ಹಾರ, ಅಂದ್ರೆ ಬಲಿ, ಕೊಡಬೇಕು ಅಂತ ಬರುತ್ತೆ, ಹಿರಿಸೊಸೆ ಬೇಡ ಕಿರಿಸೊಸೆ ಭಾಗೀರಥಿನೇ ಆಗಲಿ ಅಂತ ಮನೆಯವರೇ ಕೂತು ತೀರ್ಮಾನ ಮಾಡ್ತಾರೆ. ಭಾಗೀರಥಿ ತವರಿಗೆ ಹೋಗಿ ಅಪ್ಪ ಅಮ್ಮನ ಹತ್ರ ಬಾಯಿ ಬಿಡೋಕಾಗದೆ ಗೆಳತಿ ಹತ್ರ ಹೇಳ್ಕೊಂಡು ವಾಪಸ್ ಬರ್ತಾಳೆ. ಕೆರೆ ಪೂಜೆ ಮುಗಿಸಿ ಬರುವಾಗ ಮರೆತು ಬಂದ ಬಂಗಾರದ ಪಾತ್ರೆ ತರೋಕೆ ಅವಳನ್ನೇ ಕಳಿಸ್ತಾರೆ, ಒಂದೊಂದೇ ಮೆಟ್ಟಿಲು ಹತ್ತಿದ ಹಾಗೆ ನೀರೂ ಏರ್ತಾ ಬರುತ್ತೆ. ಗಂಡ ದಂಡಿನಲ್ಲಿದ್ದ, ಬಂದು ನೋಡಿ ಅವನೂ ಅದೇ ಕೆರೆಗೆ ಹಾರ್ತಾನೆ. ಕ್ಲಾಸಲ್ಲಿ ಅರ್ಧ ಹುಡುಗೀರು ಅಳ್ತಿದ್ವಿ.

ಅದೇ ವಾರ ಭಾನುವಾರ ಪೂಜೆ ಮುಗಿದ ಮೇಲೆ ಜ್ಞಾನೋಪದೇಶ ಕ್ಲಾಸಲ್ಲಿ ಪಾಠ, ತಂದೆಯಾದ ದೇವರು ನಮ್ಮ ಪಾಪಗಳಿಗೋಸ್ಕರ ತನ್ನ ಒಬ್ಬನೇ ಮಗನನ್ನ ಬಲಿ ಕೊಟ್ಟರು ಅಂತ. ನಾನು ಕೈ ಎತ್ತಿ ಕೇಳಿಬಿಟ್ಟೆ, ಹಾಗಾದ್ರೆ ದೇವರೂ ಮಲ್ಲನಗೌಡನ ಥರಾನೇ ಅಲ್ವಾ ಅಂತ. ಕೊಬ್ಬಿನಿಂದ ಕೇಳಿದ್ದಲ್ಲ, ನಿಜವಾಗ್ಲೂ ಭಯ ಆಗಿತ್ತು. ಅಷ್ಟು ದಿನ ಮಲಗೋ ಮುಂಚೆ ಪರಲೋಕದಲ್ಲಿರುವ ನಮ್ಮ ತಂದೆಯೇ ಅಂತ ಯಾರನ್ನ ಕರೀತಿದ್ನೋ ಅವರು ಸೊಸೆನ ಕೆರೆಗೆ ಕಳಿಸಿದ ಮಾವನ ಹಾಗೆ ಕಾಣಿಸ್ತಿದ್ರು. ಪಾಠ ಹೇಳ್ತಿದ್ದವರು ಹಾಗೆಲ್ಲ ಮಾತಾಡಬಾರದು ಕೂತ್ಕೋ ಅಂದ್ರು, ಕೂತ್ಕೊಂಡೆ. ಆ ಪ್ರಶ್ನೆ ಮಾತ್ರ ಸುಮಾರು ಇಪ್ಪತ್ತೈದು ವರ್ಷ ನನ್ನ ಜೊತೆನೇ ನಿಂತ್ಕೊಂಡೇ ಇತ್ತು.

ನಮ್ಮ ಭಾಷೆಯಲ್ಲಿ ಈ ಪದಗಳ ಭಾರ ಬೇರೆ ಥರ ಇದೆ. ಕನ್ನಡ ಕ್ಯಾಥೊಲಿಕರು ಭಾನುವಾರದ ಪೂಜೆಗೆ ಬಲಿಪೂಜೆ ಅಂತೀವಿ, ಅದು ನಡೆಯೋ ಜಾಗಕ್ಕೆ ಬಲಿಪೀಠ ಅಂತೀವಿ. ಹೊರಗಡೆ ಬಂದ್ರೆ ಅದೇ ಬಲಿ ಪದಕ್ಕೆ ರಸ್ತೆ ಗುಂಡಿಗೆ ಇಬ್ಬರು ಬಲಿ, ವರದಕ್ಷಿಣೆಗೆ ಬಲಿ, ಬಲಿಪಶು ಮಾಡಿದ್ರು ಅಂತೆಲ್ಲ ಅರ್ಥ. ಬಲಿ ಅಂದಕೂಡ್ಲೇ ಯಾವುದೋ ಒಂದು ದೊಡ್ಡದು ಸಣ್ಣದನ್ನ ನುಂಗಿದ ಹಾಗೆ ಕೇಳುತ್ತೆ. ಇನ್ನು ತ್ಯಾಗ ಅಂದ್ರೆ ಭಾಷಣದಲ್ಲಿ ಬರೋ ಪದ, ಹಾರ ಹಾಕಿರೋ ಫೋಟೋ ಥರ. ಮಕ್ಕಳಿಗೆ ಈ ಎರಡು ಪದ ಕೊಟ್ಟು ಅದರೊಳಗೆ ದೇವರ ಪ್ರೀತಿನ ಹುಡುಕು ಅಂದ್ರೆ ಹೇಗೆ ಹುಡುಕ್ತಾವೆ?

ಇನ್ನೊಂದು ವಿಷಯ ನಂಗೆ ದೊಡ್ಡವಳಾದ ಮೇಲೇನೇ ತಲೆಗೆ ಹೋಗಿದ್ದು. ಗುಡ್ ಫ್ರೈಡೇ ದಿನ ನಮ್ಮಲ್ಲಿ ಬಲಿಪೂಜೆ ಇರಲ್ಲ. ಶಿಲುಬೆ ಹಾದಿ ಇರುತ್ತೆ, ಯೇಸು ಪಟ್ಟ ಪಾಡುಗಳ ವಾಚನ ಇರುತ್ತೆ, ಶಿಲುಬೆಗೆ ಮುತ್ತು ಕೊಡೋದು ಇರುತ್ತೆ, ಹಿಂದಿನ ದಿನದ ಪೂಜೆಯಲ್ಲಿ ಎತ್ತಿಟ್ಟ ರೊಟ್ಟಿ, ನಾವು ಪರಮಪ್ರಸಾದ ಅನ್ನೋದು, ಅದನ್ನ ಕೊಡ್ತಾರೆ, ಆದ್ರೆ ಪೂಜೆ ಇಲ್ಲ. ಬಲಿಪೀಠದ ಮೇಲೆ ಬಟ್ಟೆ ಕೂಡ ಇರಲ್ಲ, ಗಂಟೆ ಹೊಡೆಯಲ್ಲ, ಮರದ ಹಲಗೆ ಥರದ್ದೊಂದನ್ನ ಟಕಟಕ ಅಂತ ಬಡೀತಾರೆ. ಬಲಿ ನಡೆದ ದಿನಾನೇ ಬಲಿಪೂಜೆ ಇಲ್ಲದೆ ಇರೋದು, ಆ ಖಾಲಿ ಕಲ್ಲನ್ನ ನೋಡ್ಕೊಂಡು ಮಧ್ಯಾಹ್ನ ಮೂರು ಗಂಟೆಗೆ ಹಸಿದ ಹೊಟ್ಟೇಲಿ ಮಂಡಿ ಊರೋದು, ಅದು ನಂಗೆ ಫಾದರ್ ಹೇಳೋ ಯಾವ ಪ್ರಸಂಗಕ್ಕಿಂತ ಜಾಸ್ತಿ ಕಲಿಸಿದೆ. ಅಲ್ಲಿ ನಾವು ದೇವರಿಗೆ ಕೊಡೋಕೆ ಏನೂ ಇಟ್ಟಿರಲ್ಲ.

ನಮ್ಮಜ್ಜಿ ಕಡೆಯವರು ಮುಳುಗಡೆ ಊರಿನವರು. ಹಾಸನದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ ಶೆಟ್ಟಿಹಳ್ಳಿ ಇದೆಯಲ್ಲ, ಹೇಮಾವತಿ ಹಿನ್ನೀರಲ್ಲಿ ನಿಂತಿರೋ ಹಳೇ ಚರ್ಚು, ಫ್ರೆಂಚ್ ಮಿಷನರಿಗಳು ಕಟ್ಟಿದ ರೋಸರಿ ಚರ್ಚು, ಈಗ ಎಲ್ರೂ ಅಲ್ಲಿಗೆ ಹೋಗಿ ಫೋಟೋ ತೆಗೆಸ್ಕೊಂಡು ಬರ್ತಾರೆ, ಅದರ ಸುತ್ತಮುತ್ತಲ ಊರು. ಗೊರೂರಲ್ಲಿ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗೀತು, ಅಷ್ಟೊತ್ತಿಗೆ ಊರುಗಳು ಖಾಲಿಯಾಗಿದ್ವು. ಮಳೆಗಾಲದಲ್ಲಿ ಗೋಡೆ ಅರ್ಧ ನೀರಲ್ಲಿ, ಬೇಸಿಗೆಯಲ್ಲಿ ಒಣಗಿದ ಮಣ್ಣಲ್ಲಿ. ಅಜ್ಜಿ ಆ ಕಡೆ ಹೋಗೋಕೇ ಒಪ್ತಿರ್ಲಿಲ್ಲ. ಯಾರೋ ಸಭೆಯಲ್ಲಿ ನೀರಾವರಿಗೋಸ್ಕರ ನಿಮ್ಮವರು ಮಾಡಿದ ತ್ಯಾಗ ದೊಡ್ಡದು ಅಂದಾಗ ಅಜ್ಜಿ ಮನೆಗೆ ಬಂದು ಹೇಳಿದ್ದು ನಂಗಿನ್ನೂ ನೆನಪಿದೆ. "ನಾವೆಲ್ಲಿ ಕೊಟ್ವಿ, ಅವರು ತಗೊಂಡ್ರು. ಕೊಟ್ಟಿದ್ರೆ ಹೊಟ್ಟೆ ಇಷ್ಟು ಉರೀತಿರ್ಲಿಲ್ಲ." ಅಣೆಕಟ್ಟು ಬೇಕಿತ್ತೋ ಬೇಡವೋ ಅದು ಬೇರೆ ಮಾತು, ಆ ನೀರಿಂದ ಎಷ್ಟೋ ಜನ ಊಟ ಮಾಡ್ತಿದ್ದಾರೆ. ಆದ್ರೆ ಅಜ್ಜಿ ಹೇಳಿದ ವ್ಯತ್ಯಾಸ, ಕೊಡೋದಕ್ಕೂ ತಗೊಳ್ಳೋದಕ್ಕೂ ಇರೋ ವ್ಯತ್ಯಾಸ, ಅದನ್ನ ಬಿಟ್ಟು ಶಿಲುಬೆ ಬಗ್ಗೆ ಮಾತಾಡೋಕೇ ಆಗಲ್ಲ ಅಂತ ನಂಗೆ ಈಗ ಅನ್ಸುತ್ತೆ. ಇನ್ನೊಬ್ಬರ ಹತ್ರ ಕಿತ್ಕೊಂಡಿದ್ದಕ್ಕೆ ತ್ಯಾಗ ಅಂತ ಹೆಸರಿಡೋದು ಮಲ್ಲನಗೌಡನ ಭಾಷೆ.

ಇದೇ ಭಾಷೆನ ಚರ್ಚಿನ ಒಳಗೂ ಕೇಳಿದ್ದೀನಿ, ಅದನ್ನ ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ. ನಮ್ಮ ಚಿಕ್ಕಮ್ಮನ ಗಂಡ ಕುಡೀತಿದ್ದ, ಹೊಡೀತಿದ್ದ. ಒಂದ್ಸಲ ಚಿಕ್ಕಮ್ಮ ಕೈಗೆ ಬ್ಯಾಂಡೇಜ್ ಕಟ್ಕೊಂಡು ಹಿರಿಯರೊಬ್ಬರ ಹತ್ರ ಹೋಗಿ ಅತ್ಳು. ಅವರು ಹೇಳಿದ್ದು, ಅದು ನಿನ್ನ ಶಿಲುಬೆ ಕಣಮ್ಮ, ಯೇಸುಸ್ವಾಮಿ ಹೊತ್ಕೊಂಡ ಹಾಗೆ ಹೊತ್ಕೋ. ಅವಳು ಇನ್ನೂ ಆರು ವರ್ಷ ಹೊತ್ಕೊಂಡ್ಳು. ಆರು ವರ್ಷ. ಹೇಳಿದವರು ಕೆಟ್ಟವರಲ್ಲ, ಅವರೂ ಅದನ್ನೇ ಕೇಳಿ ಬೆಳೆದವರು. ಆದ್ರೆ ದೇವರ ಬಗ್ಗೆ ನಾವು ತಪ್ಪು ತಿಳ್ಕೊಂಡ್ರೆ ಅದರ ಏಟು ಯಾವಾಗ್ಲೂ ಮನೆಯಲ್ಲಿರೋ ಬಡಪಾಯಿಗಳ ಮೇಲೇ ಬೀಳುತ್ತೆ, ಅದನ್ನ ನಾನು ಕಣ್ಣಾರೆ ನೋಡಿದ್ದೀನಿ. ಯೇಸು ತನ್ನ ಶಿಲುಬೆ ಹೊತ್ಕೊಂಡು ನನ್ನ ಹಿಂದೆ ಬರಲಿ ಅಂದ್ರು ನಿಜ. ಯಾರನ್ನಾದ್ರೂ ಹಿಡಿದು ಅವರ ಬೆನ್ನ ಮೇಲೆ ಶಿಲುಬೆ ಹೊರಿಸಿ ಅಂತ ಎಲ್ಲೂ ಹೇಳಿಲ್ಲ. ಯೇಸುವಿನ ಕಥೆ ಹೇಳೋ ಸುವಾರ್ತೆಯಲ್ಲಿ ಆ ಕೆಲಸ ಮಾಡಿದ್ದು ರೋಮನ್ ಸಿಪಾಯಿಗಳು, ದಾರೀಲಿ ಬರ್ತಿದ್ದ ಸಿರೇನಿನ ಸಿಮೋನನ್ನ ಹಿಡಿದು.

ಬೈಬಲ್ಲನ್ನ ಮೊದಲಿಂದ ಓದ್ತಾ ಬಂದ್ರೆ ಬಲಿ ಅನ್ನೋದರ ಅರ್ಥ ನಿಧಾನವಾಗಿ ತಿರುಗ್ತಾ ಬರೋದು ಕಾಣುತ್ತೆ. ಹೀಬ್ರೂ ಭಾಷೆಯಲ್ಲಿ ಕಾಣಿಕೆ, ಬಲಿ ಎರಡಕ್ಕೂ ಬರೋ ಪದ ಕೊರ್ಬಾನ್, ಅದರ ಮೂಲ ಅರ್ಥ ಹತ್ತಿರ ಬರೋದು. ನಂಗೆ ಇದು ಗೊತ್ತಾದ ದಿನ ಎಷ್ಟು ಸಮಾಧಾನ ಆಯ್ತು ಅಂದ್ರೆ! ಕೋಪಗೊಂಡ ದೇವರಿಗೆ ಕಟ್ಟೋ ದಂಡ ಅಂತ ಅಂದ್ಕೊಂಡಿದ್ದು ಹತ್ತಿರ ಹೋಗೋಕೆ ಮಾಡ್ಕೊಂಡ ದಾರಿ ಆಗಿತ್ತು. ಅಬ್ರಹಾಮ ಇಸಾಕನನ್ನ ಮೊರೀಯ ಬೆಟ್ಟಕ್ಕೆ ಕರ್ಕೊಂಡು ಹೋಗ್ತಾನೆ, ಹುಡುಗ ಕಟ್ಟಿಗೆ ಹೊತ್ಕೊಂಡು ಅಪ್ಪಾ ಬೆಂಕಿ ಇದೆ ಕಟ್ಟಿಗೆ ಇದೆ ಕುರಿಮರಿ ಎಲ್ಲಿ ಅಂತ ಕೇಳ್ತಾನೆ, ಆ ಪ್ರಶ್ನೆ ಓದುವಾಗ ಈಗ್ಲೂ ಗಂಟಲು ಕಟ್ಟುತ್ತೆ. ಆದ್ರೆ ಕಥೆ ನಿಲ್ಲೋದು ಎಲ್ಲಿ? ಕೈ ಎತ್ತಿದಾಗ ದೇವದೂತ ಕೂಗಿ ತಡೀತಾನೆ, ಪೊದೆಯಲ್ಲಿ ಕೊಂಬು ಸಿಕ್ಕಿಕೊಂಡ ಟಗರು ಇರುತ್ತೆ. ಭಾಗೀರಥಿಗೆ ಯಾರೂ ಕೂಗಿ ತಡೆಯೋರು ಇರ್ಲಿಲ್ಲ. ಆಮೇಲೆ ಪ್ರವಾದಿಗಳು ಬಂದು ಇನ್ನೂ ಜೋರಾಗಿ ಹೇಳ್ತಾರೆ. ನಂಗೆ ಬೇಕಾಗಿರೋದು ಬಲಿ ಅಲ್ಲ ಕರುಣೆ ಅಂತ ಹೋಶೇಯ. ನನ್ನ ಪಾಪಕ್ಕೆ ನನ್ನ ಚೊಚ್ಚಲ ಮಗನನ್ನ ಕೊಡ್ಲಾ ಅಂತ ಕೇಳೋರಿಗೆ ಮೀಕ ಹೇಳೋದು, ನ್ಯಾಯವಾಗಿರು, ಕರುಣೆಯನ್ನ ಪ್ರೀತಿಸು, ನಿನ್ನ ದೇವರ ಜೊತೆ ನಮ್ರತೆಯಿಂದ ನಡಿ ಅಂತ. ಯೇಸು ಸುಂಕ ವಸೂಲಿಯವರ ಜೊತೆ ಊಟಕ್ಕೆ ಕೂತಿದ್ದನ್ನ ಆಡ್ಕೊಂಡವರಿಗೆ ಹೋಶೇಯನ ಅದೇ ಮಾತನ್ನ ನೆನಪಿಸಿ ಹೋಗಿ ಇದರ ಅರ್ಥ ಕಲ್ತ್ಕೊಳ್ಳಿ ಅಂತಾರೆ.

ಲೂಕನ ಸುವಾರ್ತೆಯ ದುಂದುಗಾರ ಮಗನ ಕಥೆ ಎಲ್ರಿಗೂ ಗೊತ್ತು. ಆಸ್ತಿ ಪಾಲು ತಗೊಂಡು ಹೋಗಿ ಹಾಳು ಮಾಡಿ ಹಂದಿ ಕಾದು ವಾಪಸ್ ಬರೋ ಮಗನನ್ನ ಅಪ್ಪ ದೂರದಿಂದ ನೋಡಿ ಓಡಿಹೋಗಿ ತಬ್ಕೋತಾರೆ. ಪಂಚಾಯ್ತಿ ಇಲ್ಲ, ತಪ್ಪು ಕಾಣಿಕೆ ಇಲ್ಲ, ಮೊದಲು ಒಂದು ಮೇಕೆ ಕಡಿ ಆಮೇಲೆ ಒಳಗೆ ಬಾ ಅನ್ನೋದಿಲ್ಲ. ಕೊಬ್ಬಿದ ಕರು ಕಡೀತಾರೆ, ಅದು ಊಟಕ್ಕೆ. ದೇವರು ಎಂಥವರು ಅಂತ ಯೇಸುವೇ ಹೇಳಿದ ಕಥೆ ಇದು. ಹಾಗಾದ್ರೆ ಸುಮ್ನೆ ಕ್ಷಮಿಸೋ ದೇವರಿಗೆ ಶಿಲುಬೆ ಯಾಕೆ ಬೇಕಾಯ್ತು? ಇಲ್ಲಿ ನಾನು ತುಂಬಾ ವರ್ಷ ಸಿಕ್ಕಿಹಾಕ್ಕೊಂಡಿದ್ದೆ.

ಬಿಡಿಸಿದ್ದು ಅಪ್ಪನ ಒಂದು ಸಾಲದ ವಿಷಯ. ನಮ್ಮ ಬೀದಿಯವರೊಬ್ಬರಿಗೆ ಅಪ್ಪ ಹನ್ನೆರಡು ಸಾವಿರ ಕೈಸಾಲ ಕೊಟ್ಟಿದ್ರು, ಮನೆ ಶೀಟು ಹಾಕಿಸೋಕೆ ಅಂತ ಕೂಡಿಟ್ಟಿದ್ದ ದುಡ್ಡು. ಅವರ ಕೈಲಿ ಆಗ್ಲಿಲ್ಲ, ಮುಖ ತಪ್ಪಿಸ್ಕೊಂಡು ಓಡಾಡ್ತಿದ್ರು, ಚರ್ಚಲ್ಲಿ ನಾವು ಬಲಗಡೆ ಕೂತ್ರೆ ಅವರು ಎಡಗಡೆ ಹಿಂದೆ. ಒಂದಿನ ಅಪ್ಪ ಅವರ ಮನೆಗೇ ಹೋಗಿ ಕಾಫಿ ಕುಡಿದು ಇನ್ನು ಆ ದುಡ್ಡಿನ ಮಾತು ಬೇಡ ಕಣಪ್ಪ ಅಂದು ಬಂದ್ರು. ಅಮ್ಮ ಎರಡು ದಿನ ಮಾತಾಡ್ಲಿಲ್ಲ. ಆ ವರ್ಷ ಶೀಟು ಬರ್ಲಿಲ್ಲ, ಮಳೆಗಾಲ ಪೂರ್ತಿ ಸೋರೋ ಜಾಗಕ್ಕೆಲ್ಲ ಪಾತ್ರೆ ಇಟ್ಟು ಮಲಗ್ತಿದ್ವಿ, ಅಪ್ಪ ಎದ್ದೆದ್ದು ನೀರು ಚೆಲ್ಲಿ ಬರೋರು. ಸಾಲ ಮನ್ನಾ ಅಂತ ಬಾಯಲ್ಲಿ ಹೇಳಿದ ಕೂಡ್ಲೇ ಸಾಲ ಮಾಯ ಆಗಲ್ಲ, ಮನ್ನಾ ಮಾಡಿದವರ ತಲೆ ಮೇಲೆ ಸೋರುತ್ತೆ. ಆ ಬೀದಿಯವರು ಅದನ್ನ ಕಟ್ಟಲಿಲ್ಲ, ಆದ್ರೂ ಯಾರೋ ಕಟ್ಟಿದ್ರು. ಕ್ಷಮೆಗೆ ಬೆಲೆ ಇದೆ, ಆ ಬೆಲೆನ ಕ್ಷಮಿಸೋರೇ ಕೊಡ್ತಾರೆ. ಓಡಿ ಬಂದ ಆ ತಂದೆ ಊರವರ ಮುಂದೆ ಮರ್ಯಾದೆ ಬಿಟ್ಟೇ ಓಡಿದ್ದು.

ದೈವಶಾಸ್ತ್ರ ಓದಿದವರು ಇದನ್ನ ಬೇರೆ ಬೇರೆ ಥರ ಹೇಳಿದ್ದಾರೆ. 11ನೇ ಶತಮಾನದ ಕೊನೆಯಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆಗಿದ್ದ ಸಂತ ಆನ್ಸೆಲ್ಮ್, ಪಾಪ ಅಂದ್ರೆ ದೇವರಿಗೆ ಸಲ್ಲಬೇಕಾದ ಗೌರವ ಸಲ್ಲಿಸದೆ ಇರೋದು, ಆ ಬಾಕಿ ತೀರಿಸೋದು ಮನುಷ್ಯನ ಜವಾಬ್ದಾರಿ ಆದ್ರೆ ಶಕ್ತಿ ಇರೋದು ದೇವರಿಗೆ ಮಾತ್ರ, ಅದಕ್ಕೇ ದೇವರು ಮನುಷ್ಯರಾದ್ರು ಅಂತ ವಾದ ಮಾಡಿದ್ರು. ಅವರ ಕಾಲದ ಪಾಳೇಗಾರರ ಲೋಕದಲ್ಲಿ ಮರ್ಯಾದೆ ಅನ್ನೋದು ಎಲ್ಲಕ್ಕಿಂತ ದೊಡ್ಡದು, ಅದಕ್ಕೆ ಹಾಗೆ ಹೇಳಿದ್ರು ಅನ್ಸುತ್ತೆ. ನಂತರ ಬಂದ ಅಬೆಲಾರ್ಡ್ ಶಿಲುಬೆ ಅನ್ನೋದು ಪ್ರೀತಿ ತೋರಿಸಿ ನಮ್ಮ ಎದೆಯಲ್ಲೂ ಪ್ರೀತಿ ಹೊತ್ತಿಸೋಕೆ ಅಂದ್ರು. ಆನ್ಸೆಲ್ಮರ ಲೆಕ್ಕಾಚಾರ ನಂಗೆ ತುಸು ತಣ್ಣಗೆ ಅನ್ಸುತ್ತೆ, ಅಬೆಲಾರ್ಡ್ ಹತ್ತಿರ ಅನ್ಸ್ತಾರೆ, ಆದ್ರೆ ಬರೀ ತೋರಿಸೋಕೆ ಅಂದ್ರೆ ಅಪ್ಪ ಎದ್ದು ಚೆಲ್ಲಿದ ನೀರು ನೆನಪಾಗುತ್ತೆ. ಅದು ತೋರಿಸೋಕೆ ಮಾಡಿದ್ದಲ್ಲ. ಸೋರ್ತಿತ್ತು, ಯಾರಾದ್ರೂ ಏಳಲೇಬೇಕಿತ್ತು.

ನನ್ನ ಹಳೇ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಯೊವಾನ್ನನ ಸುವಾರ್ತೆಯ ಹತ್ತನೇ ಅಧ್ಯಾಯದಲ್ಲಿ. ಒಳ್ಳೇ ಕುರುಬ ತನ್ನ ಕುರಿಗಳಿಗೋಸ್ಕರ ಪ್ರಾಣ ಕೊಡ್ತಾನೆ ಅಂತ ಹೇಳ್ತಾ ಹೇಳ್ತಾ ಯೇಸು ನನ್ನ ಪ್ರಾಣವನ್ನ ಯಾರೂ ನನ್ನಿಂದ ಕಿತ್ತುಕೊಳ್ಳಲ್ಲ, ನಾನಾಗಿಯೇ ಕೊಡ್ತೀನಿ ಅಂತಾರೆ. ನೂರು ಸಲ ಕೇಳಿದ್ದ ಮಾತು, ಒಂದಿನ ಬಸ್ಸಲ್ಲಿ ಓದುವಾಗ ಅಜ್ಜಿ ದನಿಯಲ್ಲಿ ಕೇಳಿಸ್ತು, "ನಾವೆಲ್ಲಿ ಕೊಟ್ವಿ, ಅವರು ತಗೊಂಡ್ರು." ಇಲ್ಲಿ ಅದು ಉಲ್ಟಾ ಆಗಿದೆ. ತಗೊಳ್ಳೋಕೆ ಬಂದವರ ಕೈಗೆ ಸಿಗೋ ಮುಂಚೆನೇ ಕೊಟ್ಟಾಗಿದೆ, ಹಿಂದಿನ ರಾತ್ರಿ ರೊಟ್ಟಿ ಮುರಿದು ಇದು ನನ್ನ ಶರೀರ ತಗೊಳ್ಳಿ ಅಂದಾಗಲೇ. ಇನ್ನೊಂದು ಮಾತು ಪೌಲ ಕೊರಿಂಥದವರಿಗೆ ಬರೆದಿದ್ದು, ದೇವರು ಕ್ರಿಸ್ತನಲ್ಲಿ ಲೋಕವನ್ನ ತನ್ನ ಜೊತೆ ಸಂಧಾನ ಮಾಡ್ಕೊಳ್ತಿದ್ರು ಅಂತ. ಕ್ರಿಸ್ತನಲ್ಲಿ. ದಡದ ಮೇಲೆ ನಿಂತು ಇನ್ನೊಬ್ಬರನ್ನ ನೀರಿಗೆ ಕಳಿಸಿದ ಮಲ್ಲನಗೌಡ ಅಲ್ಲ ಅವರು. ಮುಳುಗಿದವರ ಒಳಗೇ ಇದ್ದರು. ನಮ್ಮ ಹಳೇ ಕನ್ನಡ ಬೈಬಲ್ಲಲ್ಲಿ ಎಲ್ರಿಗೂ ಬಾಯಿಗೆ ಬರೋ ವಾಕ್ಯ, "ದೇವರು ಲೋಕದ ಮೇಲೆ ಎಷ್ಟೋ ಪ್ರೀತಿಯನ್ನಿಟ್ಟು ತನ್ನ ಒಬ್ಬನೇ ಮಗನನ್ನು ಕೊಟ್ಟನು", ಅದರಲ್ಲಿ ಬಲಿ ಅನ್ನೋ ಪದಾನೇ ಇಲ್ಲ ನೋಡಿ. ಕೊಟ್ಟನು, ಅಷ್ಟೇ. ಅದಕ್ಕೆ ಬಲಿ ಸೇರಿಸಿ ಓದ್ತಿದ್ದಿದ್ದು ನಾವು.

ಹಾಗಂತ ಅದು ಸುಲಭವಾಗಿ ಕೊಟ್ಟಿದ್ದೂ ಅಲ್ಲ. ಗೆತ್ಸೆಮನೆ ಅಂದ್ರೆ ಎಣ್ಣೆ ಗಾಣ ಅಂತ ಅರ್ಥ. ಸಿಪಾಯಿಗಳು ಹಿಡಿಯೋ ಮುಂಚೆ ಅದೇ ರಾತ್ರಿ ಆ ತೋಟದಲ್ಲಿ ಯೇಸು ನೆಲಕ್ಕೆ ಬಿದ್ದು ಈ ಕಷ್ಟದ ಪಾತ್ರೆ ನನ್ನಿಂದ ದೂರ ಆಗಲಿ ಅಂತ ಬೇಡ್ಕೋತಾರೆ, ಜೊತೆಗಿದ್ದವರು ನಿದ್ದೆ ಹೋಗಿರ್ತಾರೆ. ನೋವನ್ನ ಅವರು ಇಷ್ಟಪಟ್ಟಿರ್ಲಿಲ್ಲ. ನೋವು ಅನುಭವಿಸೋದೇ ಪುಣ್ಯ ಅಂತ ಹೇಳೋರು ಈ ಪುಟವನ್ನ ಇನ್ನೊಂದ್ಸಲ ಓದ್ಬೇಕು. ಅವರಿಗೆ ಇಷ್ಟ ಇದ್ದಿದ್ದು ನಾವು.

ಈ ಥರ ಕೊಟ್ಟವರು ಮನುಷ್ಯರಲ್ಲೂ ಇದ್ದಾರಾ ಅಂತ ಕೇಳಿದ್ರೆ ನಂಗೆ ಮೊದಲು ನೆನಪಾಗೋದು ಪೋಲೆಂಡಿನ ಮ್ಯಾಕ್ಸಿಮಿಲಿಯನ್ ಕೋಲ್ಬೆ. 1941ರ ಜುಲೈ ಕೊನೆ, ನಾಜಿಗಳ ಆಶ್ವಿಟ್ಜ್ ಕ್ಯಾಂಪು. ಒಬ್ಬ ಕೈದಿ ತಪ್ಪಿಸ್ಕೊಂಡ ಅಂತ ಅದಕ್ಕೆ ಬದಲು ಹತ್ತು ಜನರನ್ನ ಉಪವಾಸ ಕೆಡವಿ ಸಾಯಿಸೋಕೆ ಆರಿಸ್ತಾರೆ. ಅದರಲ್ಲಿ ಫ್ರಾನ್ಸಿಶೆಕ್ ಗಯೋವ್ನಿಚೆಕ್ ಅನ್ನೋ ಸಿಪಾಯಿ ಅಯ್ಯೋ ನನ್ನ ಹೆಂಡತಿ, ನನ್ನ ಮಕ್ಕಳು ಅಂತ ಅತ್ತುಬಿಡ್ತಾನೆ. ಆಗ ಸಾಲಿನಿಂದ ಮುಂದೆ ಬಂದು ನಿಂತವರು ಕೋಲ್ಬೆ, ಕೈದಿ ನಂಬರ್ 16670, ವಯಸ್ಸು 47. ನಾನು ಕ್ಯಾಥೊಲಿಕ್ ಗುರು, ಇವನ ಬದಲು ನಾನು ಹೋಗ್ತೀನಿ ಅಂತಾರೆ. ಒಪ್ಕೋತಾರೆ. ಬ್ಲಾಕ್ 11ರ ನೆಲಮಾಳಿಗೆಯಲ್ಲಿ ಎರಡು ವಾರ ಆದ್ಮೇಲೂ ಅವರು ಬದುಕಿರ್ತಾರೆ, ಆಗಸ್ಟ್ 14ಕ್ಕೆ ವಿಷದ ಇಂಜೆಕ್ಷನ್ ಕೊಟ್ಟು ಕೊಲ್ತಾರೆ. ಇಲ್ಲಿ ಬಲಿ ಕೇಳಿದ್ದು ಯಾರು, ಕೊಟ್ಟಿದ್ದು ಯಾರು ನೋಡಿ. ಹತ್ತು ಜನ ಬೇಕು ಅಂತ ಕೇಳಿದ್ದು ಕ್ಯಾಂಪಿನ ಅಧಿಕಾರಿ. ದೇವರು ಆ ಅಧಿಕಾರಿ ಕಡೆ ನಿಂತಿರ್ಲಿಲ್ಲ, ಸಾಲಿನಿಂದ ಮುಂದೆ ಬಂದ ಆ ಒಂದು ಹೆಜ್ಜೆಯಲ್ಲಿದ್ದರು ಅಂತ ನಾನು ಪೂರ್ತಿ ಮನಸ್ಸಿಂದ ನಂಬ್ತೀನಿ.

ಇದರ ಮುಂದಿನ ಕಥೆನ ಪ್ರಸಂಗದಲ್ಲಿ ಜಾಸ್ತಿ ಹೇಳಲ್ಲ. ಗಯೋವ್ನಿಚೆಕ್ ಬದುಕಿ ಉಳಿದ್ರು, ಯುದ್ಧ ಮುಗಿದ ಮೇಲೆ ಹೆಂಡತಿ ಸಿಕ್ಕಿದ್ರು, ಆದ್ರೆ ಯಾರ ಹೆಸರು ಹಿಡಿದು ಅವತ್ತು ಅತ್ತಿದ್ರೋ ಆ ಇಬ್ಬರು ಗಂಡುಮಕ್ಕಳು 1945ರಲ್ಲಿ ಬಾಂಬಿಗೆ ಸಿಕ್ಕಿ ಹೋಗಿಬಿಟ್ಟಿದ್ರು. ಲೆಕ್ಕ ಹಾಕೋರಿಗೆ ಕೋಲ್ಬೆಯ ಸಾವು ನಷ್ಟ ಅಂತಾನೇ ಕಾಣಬಹುದು. ತಾನು ಬದುಕೋಕೆ ಒಪ್ಪಿದ್ದರಿಂದ ಇನ್ನೊಬ್ಬರು ಸತ್ತರು ಅನ್ನೋ ಕೊರಗು ಬಹಳ ಕಾಲ ಕಾಡ್ತಿತ್ತು ಅಂತ ಗಯೋವ್ನಿಚೆಕ್ ಅವರೇ ಹೇಳ್ಕೊಂಡಿದ್ರು. 1982ರಲ್ಲಿ ಕೋಲ್ಬೆಯನ್ನ ಸಂತರು ಅಂತ ಘೋಷಿಸಿದ ದಿನ ರೋಮಿನಲ್ಲಿ ಆ ಜನಸಾಗರದಲ್ಲಿ ಅವರೂ ಇದ್ರು, 1995ರವರೆಗೂ ಬದುಕಿದ್ರು, 93 ವರ್ಷ. ಐವತ್ತಕ್ಕೂ ಜಾಸ್ತಿ ವರ್ಷ ಪ್ರತಿ ಬೆಳಿಗ್ಗೆ ಎದ್ದು ಇದು ನಂಗೆ ಕೊಟ್ಟಿದ್ದು ಅಂತ ಬದುಕೋದು ಹೇಗಿರುತ್ತೆ ಅಂತ ನಾನು ತುಂಬಾ ಸಲ ಯೋಚ್ನೆ ಮಾಡಿದ್ದೀನಿ. ಕೊಡೋದು ಕಷ್ಟ ಅಂತ ಎಲ್ರೂ ಹೇಳ್ತಾರೆ. ತೀರಿಸೋಕೆ ಆಗದೆ ಇರೋದನ್ನ ತಗೊಂಡು ತಲೆ ಎತ್ತಿ ನಡೆಯೋದೂ ಅಷ್ಟೇ ಕಷ್ಟ. ನಮ್ಮ ಬೀದಿಯ ಆ ಸಾಲದವರು ಅಪ್ಪ ಮನ್ನಾ ಮಾಡಿದ ಮೇಲೂ ಎರಡು ವರ್ಷ ಎಡಗಡೆ ಹಿಂದಿನ ಸಾಲಲ್ಲೇ ಕೂತ್ಕೊಳ್ಳೋರು. ಒಂದು ಕ್ರಿಸ್ಮಸ್ ರಾತ್ರಿ ಬಂದು ನಮ್ಮ ಪಕ್ಕ ಕೂತ್ರು, ಅಪ್ಪ ಸ್ವಲ್ಪ ಸರಿದು ಜಾಗ ಕೊಟ್ರು, ಇಬ್ರೂ ಏನೂ ಮಾತಾಡ್ಲಿಲ್ಲ. ಕೃಪೆ ಅನ್ನೋ ಪದ ಕೇಳಿದಾಗಲೆಲ್ಲ ನಂಗೆ ಆ ಬೆಂಚು ಕಣ್ಮುಂದೆ ಬರುತ್ತೆ.

ಚಿಕ್ಕಮ್ಮನ ವಿಷಯ ಅರ್ಧಕ್ಕೆ ಬಿಟ್ಟೆ. ಆರು ವರ್ಷ ಆದ್ಮೇಲೆ ಒಂದಿನ ಅವಳು ಮಗಳನ್ನ ಕರ್ಕೊಂಡು ಹೊಲಿಗೆ ಮಿಷನ್ ಎತ್ಕೊಂಡು ಹೊರಟು ಬಂದ್ಳು. ಅಜ್ಜಿ ಬಾಗಿಲಲ್ಲೇ ನಿಂತು ಒಳಗೆ ಕರ್ಕೊಂಡ್ರು, ಯಾಕೆ ಅಂತ ಕೇಳ್ಲಿಲ್ಲ. ಬ್ಲೌಸು ಹೊಲಿದು ಮಗಳನ್ನ ನರ್ಸಿಂಗ್ ಓದಿಸಿದ್ಳು. ನಾಲ್ಕು ವರ್ಷದ ಹಿಂದೆ ಚಿಕ್ಕಪ್ಪನಿಗೆ ಸ್ಟ್ರೋಕ್ ಆಗಿ ಒಂದು ಕಡೆ ಬಿದ್ದೋಯ್ತು, ನೋಡೋರಿಲ್ಲ, ಸಿಸ್ಟರ್ಸ್ ನಡೆಸೋ ಒಂದು ಆಶ್ರಮದಲ್ಲಿ ಸೇರಿಸಿದ್ರು. ಚಿಕ್ಕಮ್ಮ ಪ್ರತಿ ಗುರುವಾರ ಬಸ್ ಹತ್ಕೊಂಡು ಹೋಗಿ ಬರ್ತಾಳೆ, ಸಂಜೆಗೆ ವಾಪಸ್, ಅವನ ಜೊತೆ ಇರೋಕೆ ಮತ್ತೆ ಹೋಗಿಲ್ಲ, ಹೋಗೋದೂ ಇಲ್ಲ. ನಂಗೆ ಮೊದಲು ಸಿಟ್ಟೇ ಬಂತು. ಅದೇ ಹಳೇ ಪಾಠ ಇನ್ನೂ ನಿನ್ನ ಬಿಟ್ಟಿಲ್ವಾ ಅಂತ ಜಗಳ ಆಡಿದೆ. ಹೊಡೆತ ತಿಂದ ಹೆಂಗಸರಿಗೆ ಹೀಗೇ ಮಾಡಿ ಅಂತ ಇವತ್ತಿಗೂ ನಾನು ಹೇಳಲ್ಲ, ಯಾರೂ ಹೇಳಬಾರದು. ಚಿಕ್ಕಮ್ಮ ಬಟ್ಟೆ ಕತ್ತರಿಸ್ತಾ ತಲೆ ಎತ್ತದೆ ಹೇಳಿದ್ಳು. "ಆವಾಗ ಹೊತ್ಕೋ ಅಂದ್ರು, ಹೊತ್ಕೊಂಡೆ. ಈಗ ಯಾರೂ ಹೋಗು ಅಂದಿಲ್ಲ ಕಣ್ ಮಗಾ, ನೀನೇ ಬೇಡ ಅಂತಿದೀಯ. ಎರಡೂ ಒಂದೇನಾ?"

ಈ ವರ್ಷ ಪವಿತ್ರ ಗುರುವಾರ, ಗುಡ್ ಫ್ರೈಡೇ ಹಿಂದಿನ ಸಂಜೆ, ನಾನು ಊರಲ್ಲಿದ್ದೆ. ಯೇಸು ಶಿಷ್ಯರ ಪಾದ ತೊಳೆದ ನೆನಪಿಗೆ ಚರ್ಚಲ್ಲಿ ಫಾದರ್ ಹನ್ನೆರಡು ಜನರ ಪಾದ ತೊಳೆಯೋ ಹೊತ್ತಿಗೆ ಚಿಕ್ಕಮ್ಮ ಬರ್ತಾಳೆ ಅಂತ ಪಕ್ಕದಲ್ಲಿ ಜಾಗ ಹಿಡಿದಿದ್ದೆ, ಬರ್ಲಿಲ್ಲ. ರಾತ್ರಿ ಒಂಬತ್ತಕ್ಕೆ ಮನೆಗೆ ಬಂದ್ಳು, ಬಸ್ ಕೆಟ್ಟಿತ್ತಂತೆ, ಬ್ಯಾಗಲ್ಲಿ ಉಗುರು ಕತ್ತರಿ, ಡೆಟಾಲ್ ಬಾಟ್ಲು, ಒದ್ದೆ ಟವೆಲು. ಕಾಲಲ್ಲಿ ಹುಣ್ಣಾಗಿದೆ ಅವನಿಗೆ, ಉಗುರು ಬೆಳೆದು ಒಳಗೆ ಹೋಗಿತ್ತು, ಬಿಸಿನೀರಲ್ಲಿ ನೆನೆಸಿ ಕತ್ತರಿಸೋಕೇ ಒಂದು ಗಂಟೆ ಹಿಡೀತು ಅಂದ್ಳು. ಆಮೇಲೆ ಟವೆಲ್ ಹಿಂಡಿ ಹಗ್ಗದ ಮೇಲೆ ಹಾಕ್ತಾ, ಈ ಸಲ ಫಾದರ್ ಯಾರ್ಯಾರ ಕಾಲು ತೊಳೆದ್ರು ಅಂತ ಕೇಳಿದ್ಳು. ಒಬ್ಬೊಬ್ಬರ ಹೆಸರೇ ಹೇಳ್ತಾ ಹೋದೆ, ಅವಳು ತಲೆ ಆಡಿಸ್ತಾ ಗಂಜಿ ಬಿಸಿಗಿಟ್ಳು.